ದೊಡ್ಡವರಿಗೆ ಕನ್ನಡ ಓದು ಕಲಿಸುವ ಬಗೆ: ಪಕ್ಕದಲ್ಲಿ ಕೂರುವವರಿಗೊಂದು ಮಾರ್ಗದರ್ಶಿ

ಈ ಬರಹವನ್ನು ಓದುತ್ತಿರುವ ನಿಮಗೆ ಕನ್ನಡ ಅಕ್ಷರ ಬರುತ್ತದೆ. ಆದರೆ ನೀವು ಮುಂಬಯಿಯವರಾಗಿದ್ದರೆ, ಕನ್ನಡವನ್ನು ಮನೆಮಾತಿನಂತೆ ಆಡುತ್ತಲೂ ಅದರ ಒಂದು ಸಾಲನ್ನು ಓದಲಾರದ ಒಬ್ಬರಾದರೂ ನಿಮ್ಮ ಮನೆಯಲ್ಲೋ ಪಕ್ಕದ ಕಟ್ಟಡದಲ್ಲೋ ಇದ್ದೇ ಇರುತ್ತಾರೆ. ಹಗಲಿಡೀ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ಕೂತು ಓದಿದ ತಲೆಮಾರೊಂದು ಈ ಊರಿನಲ್ಲಿತ್ತು. ಅವರ ಮಕ್ಕಳಲ್ಲಿ ಹಲವರು ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಕಲಿತರು. ಮೊಮ್ಮಕ್ಕಳು ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮಕ್ಕೆ ಹೋದರು. ಹೀಗೆ ತುಳುವಿನಲ್ಲಿ ಜಗಳವಾಡಿ, ಕನ್ನಡದಲ್ಲಿ ಭಜನೆ ಹಾಡಿ, ಮದುವೆಯ ಕಾಗದ ಕೈಗೆ ಬಂದಾಗ ಮಾತ್ರ ಅಮ್ಮನ ಕಡೆಗೆ ಚಾಚುವ ಮೂವತ್ತು, ನಲವತ್ತು, ಐವತ್ತರ ಪ್ರಾಯದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ.

ಅಂಥವರಿಗೆ ಭಾನುವಾರ ಬೆಳಿಗ್ಗೆ ವಡಾಲದ ನಮ್ಮ ಮನೆಯ ಊಟದ ಮೇಜಿನ ಸುತ್ತ ಅಕ್ಷರ ಕಲಿಸುವುದನ್ನು ನಾನು ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದ ಮೇಲೆ ಆರಂಭಿಸಿದೆ. ಮಕ್ಕಳಿಗೆ ಕಲಿಸಿ ಅಭ್ಯಾಸವಿದ್ದ ನನಗೆ ದೊಡ್ಡವರಿಗೆ ಕಲಿಸುವುದು ಬೇರೆಯೇ ವಿದ್ಯೆ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು. ಆ ತಿಳಿವಳಿಕೆಯನ್ನು, ಮನೆಯಲ್ಲಿ ಒಬ್ಬರ ಪಕ್ಕ ಕೂತು ಕಲಿಸಲು ಮನಸ್ಸಿರುವ ಯಾರಿಗಾದರೂ ಬಳಕೆಗೆ ಬರುವಂತೆ, ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ತೊಡಕು ಇರುವುದು ಎಲ್ಲಿ

ಕಲಿಯಲು ಬರುವ ದೊಡ್ಡವರೆಲ್ಲರೂ ಮೊದಲ ದಿನ ಹೇಳುವುದು ಒಂದೇ ಮಾತು: ‘ಈ ವಯಸ್ಸಿನಲ್ಲಿ ನೆನಪು ಉಳಿಯುವುದಿಲ್ಲ.’ ನಾನು ಕಂಡ ಮಟ್ಟಿಗೆ ನೆನಪಿನಿಂದ ಸೋತವರು ತೀರ ಕಡಿಮೆ. ಅವರನ್ನು ಸೋಲಿಸುವುದು ಊಹೆ. ಭಾಷೆ ಮೊದಲೇ ಬಾಯಲ್ಲಿ ಇರುವುದರಿಂದ ಕಣ್ಣು ಮೊದಲ ಅಕ್ಷರವನ್ನು ಮುಟ್ಟಿದ ಕೂಡಲೇ ನಾಲಗೆ ಇಡೀ ಪದವನ್ನು ಕಟ್ಟಿಕೊಟ್ಟುಬಿಡುತ್ತದೆ. ‘ಮರ’ ಎಂದು ಬರೆದಿದ್ದರೆ ‘ಮನೆ’ ಎನ್ನುತ್ತಾರೆ, ‘ಬಸವ’ ಇದ್ದರೆ ‘ಬಸ್ಸು’ ಎನ್ನುತ್ತಾರೆ, ಮತ್ತು ಹತ್ತರಲ್ಲಿ ನಾಲ್ಕು ಸಲ ಊಹೆ ಸರಿಯಾಗಿಯೇ ಇರುವುದರಿಂದ ತಮಗೆ ಓದು ಬರುತ್ತಿದೆ ಎಂದುಕೊಳ್ಳುತ್ತಾರೆ. ಮೂರನೆಯ ವಾರದಲ್ಲಿ ಊಹೆಗೆ ನಿಲುಕದ ಸಾಲೊಂದು ಎದುರಾದಾಗ, ಅಷ್ಟು ದಿನ ನೋಡಿದ ಅಕ್ಷರಗಳಲ್ಲಿ ಒಂದೂ ಕಣ್ಣಿನಲ್ಲಿ ನಿಂತಿಲ್ಲವೆಂಬುದು ಗೊತ್ತಾಗಿ, ನಾಚಿಕೆಪಟ್ಟು, ಬರುವುದನ್ನು ನಿಲ್ಲಿಸುತ್ತಾರೆ.

ಓದು ಪಳಗಿದವರೂ ಊಹಿಸುತ್ತಾರೆ, ನಿಜ. ಆದರೆ ಅವರ ಊಹೆಯ ಹಿಂದೆ ಸಾವಿರಾರು ಸಲ ನೋಡಿದ ಅಕ್ಷರದ ಬಲವಿರುತ್ತದೆ. ಕಲಿಯುವವರ ಕಣ್ಣನ್ನು ಒಂದು ಅಕ್ಷರದ ಮೇಲೆ, ಅದು ತನ್ನ ಆಕಾರವನ್ನು ತಾನೇ ತೋರಿಸುವವರೆಗೆ, ನಿಲ್ಲಿಸುವುದೇ ನಮ್ಮ ಕೆಲಸ. ಮುಂದೆ ಹೇಳುವ ಹೊತ್ತು, ಜಾಗ, ಚೀಟಿ, ಬೆರಳು ಇವೆಲ್ಲವೂ ಆ ಒಂದು ಕೆಲಸಕ್ಕೆ ಹೂಡಿದ ಏರ್ಪಾಡುಗಳು.

ಮೊದಲ ಹೆಜ್ಜೆ: ಒಂದು ಕಾಗದ, ಹದಿನೈದು ನಿಮಿಷ

ಅಕ್ಷರಮಾಲೆಯ ಪುಸ್ತಕ ಕೊಳ್ಳುವ ಮೊದಲು ಕಲಿಯುವವರನ್ನು ಕೇಳಿ: ನೀವು ಏನನ್ನು ಓದಬೇಕೆಂದು ಕಲಿಯುತ್ತಿದ್ದೀರಿ? ‘ಕನ್ನಡ ಬರಬೇಕು’ ಎಂಬ ಉತ್ತರ ಸಾಲದು. ಥಾಣೆಯಿಂದ ಬರುತ್ತಿದ್ದ ಒಬ್ಬರಿಗೆ ಊರಿನ ದೈವಸ್ಥಾನದಿಂದ ಬರುವ ಆಮಂತ್ರಣವನ್ನು ಓದಬೇಕಿತ್ತು. ಇನ್ನೊಬ್ಬರಿಗೆ ಅತ್ತೆ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ ಉಪ್ಪಿನಕಾಯಿಯ ಅಳತೆ ಬೇಕಿತ್ತು. ಡೊಂಬಿವಲಿಯ ಯುವಕನೊಬ್ಬನ ಬಳಿ ಅವನ ಅಜ್ಜ ಊರಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಇತ್ತು. ಅಂಥದ್ದೊಂದು ಕಾಗದವನ್ನು ಮೊದಲ ದಿನವೇ ತರಿಸಿ, ಒಂದು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಕಲಿಯುವ ಜಾಗದಲ್ಲಿ ಕಣ್ಣಿಗೆ ಬೀಳುವಂತೆ ಇಡಿ. ತಿಂಗಳಿಗೊಮ್ಮೆ ಅದನ್ನು ತೆಗೆದು, ಪರಿಚಯವಾದ ಅಕ್ಷರಗಳನ್ನು ಪೆನ್ಸಿಲಿನಿಂದ ಸುತ್ತುಹಾಕಲು ಹೇಳಿ. ಅಂಕಪಟ್ಟಿಗಿಂತ ಇದು ಚೆನ್ನಾಗಿ ಧೈರ್ಯ ಕೊಡುತ್ತದೆ.

ಹೊತ್ತಿನ ವಿಷಯದಲ್ಲಿ ನನ್ನದು ಹಟ: ದಿನಕ್ಕೆ ಹದಿನೈದು ನಿಮಿಷ, ಹೆಚ್ಚು ಬೇಡ. ಭಾನುವಾರ ಮೂರು ಗಂಟೆ ಕೂತು ಉಳಿದ ಆರು ದಿನ ಪುಸ್ತಕ ತೆರೆಯದವರು ಪ್ರತಿ ಭಾನುವಾರವೂ ಮೊದಲಿನಿಂದ ಕಲಿಯುತ್ತಿರುತ್ತಾರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಪದಾಂಶಗಳ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು, 1885ರಲ್ಲಿ ಅದನ್ನು ಪ್ರಕಟಿಸಿದರು. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಜಾರಿಹೋಗಿ, ಆಮೇಲೆ ಜಾರುವ ವೇಗ ತಗ್ಗುತ್ತದೆಂದು ಅವರು ಕಂಡರು. ಹನ್ನೆರಡು ಪದಾಂಶಗಳ ಸಾಲನ್ನು ಒಂದೇ ದಿನ 68 ಬಾರಿ ಓದಿದಾಗ ಸಿಕ್ಕ ಫಲ, ಮೂರು ದಿನಗಳಿಗೆ ಹಂಚಿ ಒಟ್ಟು 38 ಬಾರಿ ಓದಿದಾಗಲೂ ಸಿಕ್ಕಿತು. ಹಂಚಿ ಕಲಿತರೆ ಶ್ರಮ ಅರ್ಧದಷ್ಟು ಉಳಿಯುತ್ತದೆ ಎಂಬುದನ್ನು ದುಡಿಯುವವರ ಊರಾದ ಮುಂಬಯಿಯಲ್ಲಿ ನಾವು ಮತ್ತೆ ಮತ್ತೆ ಹೇಳಬೇಕು.

ಆ ಹದಿನೈದು ನಿಮಿಷವನ್ನು ಈಗಾಗಲೇ ದಿನವೂ ನಡೆಯುವ ಒಂದು ಕೆಲಸಕ್ಕೆ ಕಟ್ಟಿಹಾಕಿ. ಬೆಳಗಿನ ಚಹಾದ ಲೋಟ ಕೆಳಗಿಟ್ಟ ಕೂಡಲೇ ನೋಟುಬುಕ್ಕು ತೆರೆಯುವುದು, ಅಥವಾ ರಾತ್ರಿ ಊಟವಾಗಿ ಮೇಜು ಒರೆಸಿದ ಕೂಡಲೇ ಕೂರುವುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕಟ್ಟಿಕೊಂಡ ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಬೇಕಾದ ಕಾಲ ಸುಮಾರು 66 ದಿನ ಎಂದು ಕಂಡುಬಂತು. ಆದರೆ ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕಾಗುವ ಲೆಕ್ಕ ಸಿಕ್ಕಿತು. ಒಂದು ದಿನ ತಪ್ಪಿದ್ದರಿಂದ ಇಡೀ ರೂಢಿ ಕೆಡಲಿಲ್ಲ ಎಂಬುದೂ ಅದರಲ್ಲಿ ತಿಳಿಯಿತು. ಮಳೆಗಾಲದಲ್ಲಿ ಲೋಕಲ್ ನಿಂತು ರಾತ್ರಿ ಹನ್ನೊಂದಕ್ಕೆ ಮನೆ ಸೇರಿದವರು ಆ ದಿನ ಮಲಗಲಿ. ಮರುದಿನ ಕೂತರೆ ಸಾಕು. ತಪ್ಪಿದ ದಿನದ ಪಾಠವನ್ನು ಸೇರಿಸಿ ಎರಡರಷ್ಟು ಮಾಡಬೇಡಿ.

ಕೂರುವ ಜಾಗದಲ್ಲಿ ಫೋನು ಇರಬಾರದು. ಇದನ್ನು ಹೇಳಿದಾಗ ‘ಸೈಲೆಂಟಿನಲ್ಲಿ ಇಟ್ಟಿದ್ದೇನೆ’ ಎನ್ನುತ್ತಾರೆ. ಇನ್ನೊಂದು ಕೋಣೆಗೆ ಕಳುಹಿಸಿ. ಒಂದೇ ಕೋಣೆಯ ಮನೆಯಾದರೆ ಅಡುಗೆಕಟ್ಟೆಯ ಮೇಲಿನ ಡಬ್ಬಗಳ ಹಿಂದೆ ಇಡಿ.

ಎರಡನೆಯ ಹೆಜ್ಜೆ: ವಾರಕ್ಕೆ ಐದು ಅಕ್ಷರ

ಮರಾಠಿಯನ್ನೋ ಹಿಂದಿಯನ್ನೋ ಓದಬಲ್ಲವರಿಗೆ ಕನ್ನಡದ ಸದ್ದುಗಳ ಕ್ರಮವನ್ನು ಹೊಸದಾಗಿ ಕಲಿಸಬೇಕಿಲ್ಲ. ಕ ಖ ಗ ಘ ಎಂಬ ವರ್ಗಗಳ ಸಾಲು ಎರಡು ಲಿಪಿಗಳಲ್ಲೂ ಒಂದೇ. ಇಂಗ್ಲಿಷಿನಲ್ಲಿ ಇಲ್ಲದ ‘ಳ’ ಕೂಡ ಮರಾಠಿಯಲ್ಲಿ ಇದೆ. ಕನ್ನಡದ 49 ಅಕ್ಷರಗಳಲ್ಲಿ ಹೆಚ್ಚಿನವುಗಳ ಸದ್ದು ಅವರ ಬಳಿ ಮೊದಲೇ ಇದ್ದು, ಆಕಾರವೊಂದೇ ಹೊಸದು. ಈ ಮಾತನ್ನು ಮೊದಲ ದಿನವೇ ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಆದರೆ ಅ ಆ ಇ ಈ ಎಂಬ ಸಾಲಿನಿಂದ ಆರಂಭಿಸಬೇಡಿ. ಕರ್ನಾಟಕದ ಶಾಲೆಗಳ ಮೊದಲ ಪಾಠಗಳಲ್ಲಿ ‘ರ ಗ ಸ ದ ಅ’ ಎಂಬ ಗುಂಪು ಮೊದಲು ಬರುತ್ತದೆ, ‘ಜ ವ ಮ ಬ ನ’ ಎಂಬುದು ಅದರ ಹಿಂದೆ. ಬರೆಯಲು ಸುಲಭವಾದ ಮೊದಲ ಗುಂಪಿನ ಐದೇ ಅಕ್ಷರಗಳಿಂದ ಅರಸ, ಅಗಸ, ಸರ, ರಸ, ದರ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಎರಡನೆಯ ಗುಂಪು ಸೇರಿದರೆ ಮರ, ಜನ, ವನ, ನಗರ, ಬಸವ ಬರುತ್ತವೆ. ಮೊದಲ ವಾರದ ಕೊನೆಗೆ ‘ಗರಗಸ’ ಎಂಬ ನಾಲ್ಕಕ್ಷರದ ಪದವನ್ನು ತಾನಾಗಿ ಓದಿದ ಐವತ್ತೆರಡರ ಗೃಹಸ್ಥರೊಬ್ಬರು ಅದನ್ನು ಮೂರು ಸಲ ಮತ್ತೆ ಓದಿದ್ದನ್ನು ನಾನು ಮರೆತಿಲ್ಲ.

ಒಂದು ಅಕ್ಷರದ ಪಾಠ ಹೀಗೆ ನಡೆಯಲಿ. ಅಂಗೈಯಷ್ಟು ದೊಡ್ಡದಾಗಿ ಬರೆದ ಅಕ್ಷರವನ್ನು ಎದುರಿಗಿಡಿ, ಅದರ ಸದ್ದನ್ನು ಒಮ್ಮೆ ಹೇಳಿ, ಆಮೇಲೆ ಮಾತು ನಿಲ್ಲಿಸಿ. ಕಲಿಯುವವರು ಅದನ್ನು ನಿಧಾನವಾಗಿ ಮೂರು ಉಸಿರಿನಷ್ಟು ಹೊತ್ತು ನೋಡಲಿ: ಗೆರೆ ಎಲ್ಲಿಂದ ಹೊರಡುತ್ತದೆ, ಎಲ್ಲಿ ತಿರುಗುತ್ತದೆ, ಮೇಲೆ ತಲೆಕಟ್ಟು ಇದೆಯೋ ಇಲ್ಲವೋ. ಆಮೇಲೆ ಕಾಗದವನ್ನು ಮುಚ್ಚಿ, ನೆನಪಿನಿಂದ ಬರೆಯಲಿ. ಮುಚ್ಚಿದ್ದನ್ನು ತೆರೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ತಾನು ಬರೆದದ್ದು ಎಲ್ಲಿ ಬೇರೆಯಾಯಿತೆಂದು ಅವರೇ ಹೇಳಲಿ. ‘ಇಲ್ಲಿ ಸುತ್ತು ಚಿಕ್ಕದಾಯಿತು’, ‘ತಲೆಕಟ್ಟು ಮರೆತೆ’ ಎಂದು ಅವರ ಬಾಯಿಂದ ಬಂದದ್ದು ನೀವು ಹತ್ತು ಸಲ ತಿದ್ದಿದ್ದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ. ಕಾಪಿ ಬರೆಯುವಂತೆ ಒಂದು ಅಕ್ಷರವನ್ನು ಪುಟ ತುಂಬ ಬರೆಸುವ ಹಳೆಯ ಪದ್ಧತಿಯಲ್ಲಿ ಮೂರನೆಯ ಸಾಲಿನ ಹೊತ್ತಿಗೆ ಕೈ ಒಂದೇ ಓಡುತ್ತಿರುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ. ನಾನೂ ಎಷ್ಟೋ ಮಕ್ಕಳಿಗೆ ಹಾಗೆ ಬರೆಸಿದ್ದೇನೆ, ಈಗ ಬರೆಸುವುದಿಲ್ಲ.

ವಿಜಯದಶಮಿಯ ದಿನ ಮಕ್ಕಳ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸುತ್ತೇವಲ್ಲ, ಅದನ್ನು ದೊಡ್ಡವರಿಗೂ ಮಾಡಿಸಿ. ಒಂದು ಅಗಲವಾದ ಹರಿವಾಣದಲ್ಲಿ ಅಕ್ಕಿ ಹರಡಿ, ಬೆರಳಿನಿಂದ ಬರೆದಾಗ ಗೆರೆಯ ತಿರುವು ಮೊಣಕೈವರೆಗೂ ತಿಳಿಯುತ್ತದೆ, ಮತ್ತು ತಪ್ಪಾದದ್ದನ್ನು ಅಂಗೈಯಿಂದ ಸವರಿದರೆ ಗುರುತೂ ಉಳಿಯುವುದಿಲ್ಲ. ತಪ್ಪು ಕಾಗದದ ಮೇಲೆ ಉಳಿಯುವುದನ್ನು ಕಂಡು ಮುದುಡುವವರಿಗೆ ಇದು ದೊಡ್ಡ ಆಸರೆ.

ಹೊಸ ಅಕ್ಷರವನ್ನು ಮತ್ತೆ ನೆನಪಿಸುವ ದಿನಗಳನ್ನು ಹೀಗೆ ಇಟ್ಟುಕೊಳ್ಳಿ: ಅದೇ ದಿನ ರಾತ್ರಿ ಒಮ್ಮೆ, ಮರುದಿನ ಒಮ್ಮೆ, ನಾಲ್ಕನೆಯ ದಿನ, ಹತ್ತನೆಯ ದಿನ. ನೆನಪಿಸುವುದೆಂದರೆ ಪುಸ್ತಕ ತೆರೆದು ನೋಡುವುದಾಗಬಾರದು. ಮೊದಲು ಮನಸ್ಸಿನಿಂದ ಹೊರತೆಗೆದು, ಆಮೇಲೆ ಸರಿಯೋ ಎಂದು ನೋಡಬೇಕು. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಡೊಂಬಿವಲಿಯಿಂದ ದಾದರಿಗೆ ನಿಂತುಕೊಂಡೇ ಬರುವವರು ನೋಟುಬುಕ್ಕು ತೆರೆಯಲಾರರು, ಆದರೆ ಒಂದು ಕೈಯಲ್ಲಿ ಹಿಡಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ತೋರುಬೆರಳಿನ ಮೇಲೆ ಆ ವಾರದ ಐದು ಅಕ್ಷರಗಳನ್ನು ಬರೆದುಕೊಳ್ಳಬಲ್ಲರು. ಆ ಗದ್ದಲದಲ್ಲಿ ಕಣ್ಣು ಮುಚ್ಚಿ ‘ಸ’ದ ಆಕಾರವನ್ನು ಮನಸ್ಸಿಗೆ ತಂದುಕೊಂಡವರು ಅದನ್ನು ಮತ್ತೆ ಮರೆಯುವುದಿಲ್ಲ.

ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸಬೇಡಿ. ‘ರ’ ಗಟ್ಟಿಯಾದ ಮೇಲೆ, ಹೊಟ್ಟೆಯಲ್ಲಿ ಚುಕ್ಕಿಯಿರುವ ‘ಠ’ ಬರಲಿ. ‘ದ’ ನೆಲೆಯಾದ ಮೇಲೆ, ಕೆಳಗೆ ಸೀಳಿರುವ ‘ಧ’, ಅದಾದ ಮೇಲೆ ಸೀಳೂ ಚುಕ್ಕಿಯೂ ಇರುವ ‘ಥ’. ಎಲ್ಲವೂ ಪ್ರತ್ಯೇಕವಾಗಿ ಪರಿಚಯವಾದ ನಂತರ, ದ ಧ ಥ, ಬ ಭ, ಪ ಫ ಷ ಎಂದು ಗುಂಪು ಮಾಡಿ ಎದುರುಬದುರಾಗಿ ಇಡಿ. ಆಗ ಆ ಸಣ್ಣ ಸೀಳನ್ನು ಕಾಣಲು ಕಣ್ಣು ತಾನಾಗಿ ಹತ್ತಿರ ಹೋಗುತ್ತದೆ.

ಮೂರನೆಯ ಹೆಜ್ಜೆ: ಬೆಳೆ ಮತ್ತು ಬೇಳೆ

ಮರಾಠಿ, ಹಿಂದಿಗಳ ಲಿಪಿಯಾದ ದೇವನಾಗರಿ ಮಾಡುವ ಉಪಕಾರ ಇಲ್ಲಿಗೆ ಮುಗಿದು, ಅದು ಒಡ್ಡುವ ತೊಡಕು ಆರಂಭವಾಗುತ್ತದೆ. ಎರಡು ಕಡೆ ಅದು ಕಾಲಿಗೆ ಸಿಕ್ಕಿಕೊಳ್ಳುತ್ತದೆ.

ಮೊದಲನೆಯದು ಪದದ ಕೊನೆಯ ‘ಅ’. ಮರಾಠಿಯಲ್ಲಿ ‘ನಗರ’ ಎಂದು ಬರೆದರೂ ಓದುವುದು ‘ನಗರ್’ ಎಂದು. ಕನ್ನಡದಲ್ಲಿ ಬರೆದ ಅಕ್ಷರದ ಸ್ವರ ಪೂರ್ತಿ ಕೇಳಬೇಕು; ಸ್ವರ ಬೇಡವಾದರೆ ‘ಬಸ್’ ಎಂಬಲ್ಲಿರುವಂತೆ ಅದನ್ನು ತೆಗೆದುಹಾಕುವ ಗುರುತು ಬೇಕು. ‘ಮರ’ವನ್ನು ‘ಮರ್’ ಎನ್ನುವವರಿಗೆ ನಿಯಮ ಹೇಳುವುದಕ್ಕಿಂತ, ಒಂದೊಂದು ಅಕ್ಷರಕ್ಕೂ ಮೇಜಿನ ಮೇಲೆ ಒಂದೊಂದು ಸಲ ಬೆರಳು ತಟ್ಟಿಸಿ. ಮ, ರ, ನ, ಗ, ರ, ಬ, ಸ, ವ. ಎರಡು ವಾರ ಹೀಗೆ ತಟ್ಟಿದರೆ ಕೊನೆಯ ಸ್ವರ ನುಂಗಿಹೋಗುವುದು ನಿಲ್ಲುತ್ತದೆ.

ಎರಡನೆಯದು ಇನ್ನೂ ಆಳವಾದದ್ದು. ಎ ಮತ್ತು ಏ, ಒ ಮತ್ತು ಓ ಎಂದು ಗಿಡ್ಡ ಉದ್ದಗಳನ್ನು ಕನ್ನಡ ಬೇರೆ ಬೇರೆಯಾಗಿ ಬರೆಯುತ್ತದೆ. ಮರಾಠಿಯ ಬರಹದಲ್ಲಿ ಇವಕ್ಕೆ ಒಂದೊಂದೇ ಗುರುತು. ಬಾಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಬರುವ ಮುಂಬಯಿ ಕನ್ನಡಿಗರೂ ಓದುವಾಗ ಅದನ್ನು ಕಾಣುವುದಿಲ್ಲ, ಏಕೆಂದರೆ ಅವರ ಕಣ್ಣಿಗೆ ಅದನ್ನು ಹುಡುಕುವ ಅಭ್ಯಾಸ ಹಿಂದೆಂದೂ ಬೇಕಾಗಿರಲಿಲ್ಲ. ಊಹೆ ಇಲ್ಲಿ ಹಬ್ಬ ಮಾಡುತ್ತದೆ. ‘ಬೇಳೆ’ಯನ್ನು ‘ಬೆಳೆ’ ಎಂದು ಓದಿ ಮುಂದೆ ಹೋಗಿಬಿಡುತ್ತಾರೆ, ಸಾಲಿನ ಅರ್ಥ ಎಲ್ಲೋ ಕೆಟ್ಟಿತೆಂದು ಮಾತ್ರ ಅನಿಸುತ್ತದೆ.

ಇದಕ್ಕೆ ನಾನು ಬಳಸುವುದು ಜೋಡಿ ಚೀಟಿಗಳನ್ನು. ಬೆಳೆ, ಬೇಳೆ. ಕೆರೆ, ಕೇರೆ. ಕೊಡು, ಕೋಡು. ತೊಡು, ತೋಡು. ಒಲೆ, ಓಲೆ. ಚೀಟಿಗಳನ್ನು ಕಲಸಿ ಒಂದೊಂದಾಗಿ ಎತ್ತಿಸಿ, ಓದಿದ ಕೂಡಲೇ ಆ ವಸ್ತುವನ್ನು ಕೈಯಿಂದ ತೋರಿಸಲೋ ಒಂದು ಮಾತಿನಲ್ಲಿ ವಿವರಿಸಲೋ ಹೇಳಿ: ಇದು ಅಡುಗೆಮನೆಯ ಡಬ್ಬದಲ್ಲಿರುವುದು, ಇದು ಗದ್ದೆಯಲ್ಲಿರುವುದು, ಇದು ನೀರಿರುವ ಜಾಗ, ಇದು ಹಾವು. ಅರ್ಥವನ್ನು ಹೀಗೆ ಕೇಳಿದಾಗ ಊಹೆಗೆ ಎರಡು ದಾರಿ ಎದುರಾಗಿ, ಯಾವುದೆಂದು ತಿಳಿಯಲು ಕಣ್ಣು ಗುರುತಿನ ಕಡೆಗೆ ಮರಳಲೇಬೇಕಾಗುತ್ತದೆ. ಆ ಗುರುತು ಒಂದೇ ಎಂಬುದನ್ನೂ ತೋರಿಸಿ: ಕಿ ಹೋಗಿ ಕೀ ಆಗುವಾಗ, ಕೆ ಹೋಗಿ ಕೇ ಆಗುವಾಗ, ಕೊ ಹೋಗಿ ಕೋ ಆಗುವಾಗ ಬಲಗಡೆ ಸೇರುವ ದೀರ್ಘದ ಗುರುತು ಒಂದೇ ಆಕಾರದ್ದು. ಮೂರು ಕಡೆ ಹುಡುಕಬೇಕಾದದ್ದು ಒಂದನ್ನೇ ಎಂದು ತಿಳಿದಾಗ ಮುಖದಲ್ಲಿ ಬರುವ ನಿರಾಳವನ್ನು ನೀವೇ ನೋಡುತ್ತೀರಿ.

ಕಾಗುಣಿತವನ್ನು ಬಾಯಿಪಾಠ ಮಾಡಿಸುವಾಗ ಬರಿಯ ‘ಕ ಕಾ ಕಿ ಕೀ’ ಎನಿಸದೆ, ನಮ್ಮ ಹಳೆಯ ಶಾಲೆಗಳಲ್ಲಿ ಹೇಳಿಸುತ್ತಿದ್ದಂತೆ ಗುರುತಿನ ಹೆಸರನ್ನೂ ಸೇರಿಸಿ ಹೇಳಿಸಿ: ತಲೆಕಟ್ಟು, ಇಳಿ, ಗುಡಿಸು, ಗುಡಿಸಿನ ದೀರ್ಘ, ಕೊಂಬು, ಕೊಂಬಿನ ಇಳಿ, ಏತ್ವ, ಏತ್ವದ ದೀರ್ಘ. ಗುಡಿಸೆಂದರೆ ತಲೆಯ ಮೇಲೆ ಕೂತ ಗುಡಿಸಲಿನಂತೆ, ಕೊಂಬೆಂದರೆ ಬದಿಯಿಂದ ಬಾಗಿದ ಕೊಂಬಿನಂತೆ. ಹೆಸರೇ ಕಣ್ಣನ್ನು ಆಕಾರದ ಮೇಲೆ ಇರಿಸುತ್ತದೆ. ಆ ಹಿರಿಯರು ಇದನ್ನು ಎಷ್ಟು ಯೋಚಿಸಿ ಕಟ್ಟಿದ್ದರೆಂದು ನನಗೆ ಪ್ರತಿ ಸಲವೂ ಗೌರವ ಮೂಡುತ್ತದೆ. ಆದರೆ ಸಾಲು ಬಾಯಿಗೆ ಬಂದ ಮೇಲೆ ಅದರಲ್ಲೇ ನಿಲ್ಲಬೇಡಿ. ಕ್ರಮವಾಗಿ ಹೇಳುವಾಗ ನಾಲಗೆ ತಾನೇ ಉರುಳುತ್ತದೆ, ಕಣ್ಣಿಗೆ ಕೆಲಸವಿರುವುದಿಲ್ಲ. ಸೀ, ಗು, ಮೆ, ರಾ, ಬೋ ಎಂದು ಬೇರೆ ಬೇರೆ ಅಕ್ಷರಗಳ ಬೇರೆ ಬೇರೆ ಗುಣಿತಗಳನ್ನು ಕಲಸಿ ಕೊಟ್ಟಾಗ ತಪ್ಪು ಹೆಚ್ಚಾಗುತ್ತದೆ, ವೇಗ ಇಳಿಯುತ್ತದೆ, ಕಲಿಯುವವರು ಬೇಸರಪಡುತ್ತಾರೆ. ಆದರೂ ಹೀಗೆ ಕಲಿತದ್ದೇ ತಿಂಗಳ ನಂತರ ಉಳಿದಿರುತ್ತದೆ. ಈ ಬೇಸರ ಬರುತ್ತದೆಂದು ಮೊದಲೇ ಹೇಳಿಟ್ಟರೆ ಸಹಿಸುವುದು ಸುಲಭ.

‘ಪು’ ಮತ್ತು ‘ವು’ಗಳಲ್ಲಿ ಕೊಂಬು ಬಲಕ್ಕೆ ಹೋಗದೆ ಕೆಳಗೆ ಸೇರುವುದನ್ನು, ‘ಮೊ’ ಮತ್ತು ‘ಯೊ’ಗಳ ಬೇರೆ ರೂಪವನ್ನು ಒಂದು ಚೀಟಿಯಲ್ಲಿ ಪ್ರತ್ಯೇಕವಾಗಿ ಬರೆದುಕೊಡಿ. ‘ವ’ಕ್ಕೆ ಬಲಗಡೆ ಕೊಂಬು ಹಚ್ಚಿದರೆ ಅದು ‘ಮ’ದಂತೆ ಕಾಣುತ್ತದೆಂದು ಬರೆದು ತೋರಿಸಿದರೆ ಕಾರಣ ಕೇಳುವವರಿಗೂ ಸಮಾಧಾನ.

ನಾಲ್ಕನೆಯ ಹೆಜ್ಜೆ: ಒತ್ತಕ್ಷರ

ಎಲ್ಲರೂ ಹೆದರುವ ಈ ಭಾಗ ನಿಜಕ್ಕೂ ಚಿಕ್ಕದು. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ತಲೆಕಟ್ಟು ತೆಗೆದ ಸಣ್ಣ ರೂಪಗಳು. ಅಕ್ಕ, ಅಪ್ಪ, ಅಜ್ಜ, ಹಬ್ಬ ಎಂದು ಬರೆದು ಕೆಳಗಿನದನ್ನು ಗುರುತಿಸಲು ಹೇಳಿದರೆ ಬೇಗ ಹಿಡಿಯುತ್ತಾರೆ. ರೂಪ ಬದಲಾಗಿ ಕಷ್ಟ ಕೊಡುವವು ತ, ನ, ಮ, ಯ, ರ, ಲ ಎಂಬ ಆರು. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಎಂಬ ಆರು ಪದಗಳನ್ನು ಅಡುಗೆಮನೆಯ ಕಪಾಟಿಗೆ ಅಂಟಿಸಿ, ಎರಡು ವಾರ ಅಲ್ಲಿಯೇ ಬಿಡಿ. ಮರಾಠಿಯಲ್ಲಿ ಮೊದಲ ಅಕ್ಷರ ಅರ್ಧವಾಗಿ ಎರಡನೆಯದು ಪೂರ್ತಿ ಉಳಿಯುತ್ತದೆ, ಕನ್ನಡದಲ್ಲಿ ಮೊದಲನೆಯದು ಪೂರ್ತಿ ನಿಂತು ಎರಡನೆಯದು ಕೆಳಗಿಳಿಯುತ್ತದೆ ಎಂಬ ಒಂದು ಮಾತು ಸಾಕು. ‘ಧರ್ಮ’, ‘ಸೂರ್ಯ’ಗಳಲ್ಲಿ ಮೊದಲು ಉಚ್ಚರಿಸಿ ನಂತರ ಬರೆಯುವ ಅರ್ಕಾವತ್ತನ್ನು ಮರಾಠಿಯ ‘ರಫಾರ’ಕ್ಕೆ ಹೋಲಿಸಿ ಹೇಳಿ, ಅಲ್ಲಿ ಅದು ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ, ಇಲ್ಲಿ ಅದರ ಬಲಗಡೆ ಕೂರುತ್ತದೆ, ಅಷ್ಟೆ.

ಐದನೆಯ ಹೆಜ್ಜೆ: ಕಲಿಕೆ ನಿಂತಂತೆ ಕಾಣುವ ದಿನಗಳು

ಎರಡು, ಎರಡೂವರೆ ತಿಂಗಳ ಆಸುಪಾಸಿನಲ್ಲಿ ಒಂದು ದಿನ ಕಲಿಯುವವರು ನೋಟುಬುಕ್ಕು ಮುಚ್ಚಿ ‘ಇನ್ನು ನನ್ನಿಂದಾಗದು’ ಎನ್ನುತ್ತಾರೆ. ಅಕ್ಷರಗಳೆಲ್ಲ ಗೊತ್ತು, ಆದರೆ ಒಂದು ಸಾಲು ಓದಲು ಮೂರು ನಿಮಿಷ ಬೇಕು, ಸಾಲಿನ ಕೊನೆಗೆ ಬರುವಾಗ ಆರಂಭ ಮರೆತಿರುತ್ತದೆ. ವಾರ ಕಳೆದರೂ ವೇಗ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಹೆಚ್ಚಿನವರು ಕಳೆದುಹೋಗುವುದು ಇಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ.

ಅಮೆರಿಕದ ವಿಲಿಯಂ ಬ್ರಯಾನ್ ಮತ್ತು ನೋಬಲ್ ಹಾರ್ಟರ್ ಎಂಬ ಇಬ್ಬರು ತಂತಿ ಸಂದೇಶ ಕಲಿಯುವವರನ್ನು ವಾರವಾರವೂ ಅಳೆದು, 1897 ಮತ್ತು 1899ರಲ್ಲಿ ತಮ್ಮ ಅಧ್ಯಯನಗಳನ್ನು ಪ್ರಕಟಿಸಿದರು. ಬಂದ ಸಂದೇಶವನ್ನು ಕೇಳಿ ಬರೆದುಕೊಳ್ಳುವ ವೇಗ ಒಂದು ಹಂತಕ್ಕೆ ಏರಿ, ಅಲ್ಲಿ ವಾರಗಟ್ಟಲೆ ನಿಂತು, ಮತ್ತೆ ಏರುವುದನ್ನು ಅವರು ಕಂಡರು. ಅವರ ವಿವರಣೆ ಹೀಗಿತ್ತು: ಮೊದಲು ಕಿವಿ ಬಿಡಿ ಅಕ್ಷರಗಳನ್ನು ಹಿಡಿಯುತ್ತದೆ, ಅದು ಪೂರ್ತಿ ಪಳಗುವವರೆಗೆ ಇಡೀ ಪದಗಳನ್ನು ಹಿಡಿಯುವ ಶಕ್ತಿ ಬರುವುದಿಲ್ಲ, ವೇಗ ನಿಂತಂತೆ ಕಾಣುವ ವಾರಗಳಲ್ಲಿ ನಡೆಯುತ್ತಿರುವುದು ಆ ಪಳಗುವಿಕೆ. ಓದು ಕಲಿಯುವವರಲ್ಲೂ ನಾನು ಕಾಣುವುದು ಇದನ್ನೇ. ‘ಅಮ್ಮ’ ಎಂಬುದನ್ನು ಅ, ಮ, ಮ ಎಂದು ಬಿಡಿಸುತ್ತಿದ್ದ ಕಣ್ಣಿಗೆ ಒಂದು ದಿನ ಅದು ಒಂದೇ ಚಿತ್ರವಾಗಿ ಕಾಣುತ್ತದೆ.

ಆ ದಿನಗಳಲ್ಲಿ ಹೊತ್ತು ಹೆಚ್ಚಿಸಬೇಡಿ, ಹೊಸ ಪಾಠ ಕೊಡಬೇಡಿ. ಹಿಂದೆ ಓದಿದ್ದರಲ್ಲಿ ಸುಲಭವಾದ ಐದಾರು ಸಾಲುಗಳನ್ನು ಆರಿಸಿ, ದಿನಕ್ಕೆ ಮೂರು ಸಲ ಗಟ್ಟಿಯಾಗಿ ಓದಿಸಿ. ಮೊದಲ ಸಲ ಬೆರಳಿಟ್ಟು, ಎರಡನೆಯ ಸಲ ಬೆರಳಿಲ್ಲದೆ, ಮೂರನೆಯ ಸಲ ನಿಮಗೆ ಒಂದು ಸುದ್ದಿ ಹೇಳುತ್ತಿರುವ ಧಾಟಿಯಲ್ಲಿ. ಇಂಥ ಸಾಲುಗಳಿಗೆ ಮುಂಬಯಿಯಲ್ಲೇ ಅಚ್ಚಾಗುವ ಕನ್ನಡ ದಿನಪತ್ರಿಕೆಗಳ ತಲೆಬರಹಗಳು ಬಹಳ ಒಳ್ಳೆಯವು. ಅಕ್ಷರ ದೊಡ್ಡದು, ಸಾಲು ಚಿಕ್ಕದು, ಮಾಟುಂಗ, ಕುರ್ಲಾ, ಚೆಂಬೂರಿನ ಕಾರ್ಯಕ್ರಮಗಳ ಹೆಸರುಗಳು ಪರಿಚಿತ. ಮಾಟುಂಗದಲ್ಲಿ 1926ರಿಂದ ನಡೆದುಬಂದಿರುವ ಮೈಸೂರು ಅಸೋಸಿಯೇಷನ್ನಿನಲ್ಲಿ ಕನ್ನಡ ನಾಟಕವೋ ಸಂಗೀತವೋ ಇದ್ದ ದಿನ ಕಲಿಯುವವರನ್ನು ಕರೆದುಕೊಂಡು ಹೋಗಿ, ಹೊರಗಿನ ಫಲಕವನ್ನು ಓದಲು ಬಿಡಿ. ಒಳಗೆ ಕೂತಾಗ ತಾನು ಓದಿದ ಪದವೇ ವೇದಿಕೆಯಿಂದ ಕೇಳಿಬಂದರೆ ಆ ಪದ ಅವರದಾಗುತ್ತದೆ.

ಈ ಹಂತದಲ್ಲಿ ಕಲಿಸುವವರಿಗೂ ಒಂದು ಅಭ್ಯಾಸವನ್ನು ಬಲವಾಗಿ ಸೂಚಿಸುತ್ತೇನೆ: ನಿಮಗೆ ಗೊತ್ತಿಲ್ಲದ ಇನ್ನೊಂದು ಲಿಪಿಯನ್ನು ನೀವೂ ಅದೇ ಹದಿನೈದು ನಿಮಿಷ ಕಲಿಯಿರಿ. ನಾನು ಆರಿಸಿಕೊಂಡದ್ದು ಮೋಡಿಯನ್ನು. ಮರಾಠಿಯ ಕೈಬರಹಕ್ಕೆ 20ನೆಯ ಶತಮಾನದ ನಡುವಿನವರೆಗೂ ಬಳಕೆಯಲ್ಲಿದ್ದ ಈ ಲಿಪಿಯಲ್ಲಿ ಮೊದಲು ಪುಟದ ಅಗಲಕ್ಕೆ ತಲೆಗೆರೆ ಎಳೆದು, ಅದರ ಕೆಳಗೆ ಲೇಖನಿಯನ್ನು ಆದಷ್ಟು ಎತ್ತದೆ ಅಕ್ಷರಗಳನ್ನು ನೇತುಹಾಕುತ್ತ ಹೋಗುತ್ತಾರೆ. ಎಲ್ಲಿ ಒಂದು ಮುಗಿದು ಇನ್ನೊಂದು ಆರಂಭವಾಯಿತೆಂದು ತಿಳಿಯದೆ, ಐವತ್ತು ವರ್ಷ ಸಲೀಸಾಗಿ ಓದಿದ್ದ ನನ್ನ ಕಣ್ಣು ಗೋಡೆಗೆ ಮುಖ ಮಾಡಿ ನಿಂತಂತಾಯಿತು. ಅಲ್ಲಿಯವರೆಗೆ ನನ್ನ ಮೇಜಿನ ಸುತ್ತ ಕೂತವರ ಭುಜಗಳು ಏಕೆ ಬಿಗಿಯಾಗುತ್ತಿದ್ದವೆಂದು ನನಗೆ ತಿಳಿದಿರಲಿಲ್ಲ. ಮೋಡಿಯ ಮುಂದೆ ನನ್ನ ಭುಜಗಳೂ ಬಿಗಿಯಾದಾಗ ತಿಳಿಯಿತು. ಆ ದಿನದಿಂದ ಪಾಠದ ಆರಂಭಕ್ಕೆ, ಇಬ್ಬರೂ ಬೆನ್ನು ನೇರ ಮಾಡಿ, ಭುಜ ಇಳಿಸಿ, ಕಣ್ಣು ಮುಚ್ಚಿ ಒಂದು ನಿಮಿಷ ಉಸಿರನ್ನು ಗಮನಿಸುವುದನ್ನು ರೂಢಿ ಮಾಡಿದೆ. ಓದುವಾಗ ಮತ್ತೆ ಭುಜ ಏರಿದರೆ, ಪುಟದಿಂದ ಕಣ್ಣೆತ್ತಿ, ಒಂದು ಉಸಿರು ಬಿಟ್ಟು, ಅದೇ ಅಕ್ಷರಕ್ಕೆ ಮರಳಬೇಕು.

ಪಕ್ಕದಲ್ಲಿ ಕೂತವರ ಮೌನ

ಕಲಿಯುವವರು ತಡವರಿಸಿದ ಕೂಡಲೇ ಪದವನ್ನು ಹೇಳಿಬಿಡುವುದು ಪ್ರೀತಿಯಿಂದಲೇ ಮಾಡುವ ದೊಡ್ಡ ತಪ್ಪು. ನಾನು ಅದನ್ನು ವರ್ಷಗಟ್ಟಲೆ ಮಾಡಿದೆ. ಹೋಟೆಲು ನಡೆಸುತ್ತಿದ್ದ ಒಬ್ಬರು, ನನಗಿಂತ ಹಿರಿಯರು, ಒಂದು ದಿನ ಪುಸ್ತಕ ಕೆಳಗಿಟ್ಟು, ‘ಟೀಚರ್, ನೀವು ಹೇಳಿಕೊಟ್ಟರೆ ನನ್ನ ಕಿವಿ ಕಲಿಯುತ್ತದೆ, ಕಣ್ಣು ಕಲಿಯುವುದಿಲ್ಲ’ ಎಂದರು. ಅಂದಿನಿಂದ ಪದ ಸಿಕ್ಕಿಕೊಂಡಾಗ ನಾನು ಮನಸ್ಸಿನಲ್ಲೇ ಐದು ಉಸಿರು ಎಣಿಸುತ್ತೇನೆ. ಆಮೇಲೂ ಬಾರದಿದ್ದರೆ ಮಾತಾಡದೆ, ತಡೆದ ಅಕ್ಷರದ ಕೆಳಗೆ ಬೆರಳಿಡುತ್ತೇನೆ. ಅದಕ್ಕೂ ಬಾರದಿದ್ದರೆ ಆ ಒಂದು ಅಕ್ಷರದ ಸದ್ದನ್ನು ಮಾತ್ರ ಹೇಳುತ್ತೇನೆ, ಪದವನ್ನು ಕಟ್ಟುವುದು ಅವರ ಪಾಲು. ಐದು ಉಸಿರು ಬಹಳ ದೀರ್ಘವೆನಿಸುತ್ತದೆ. ಮೊದಲ ವಾರ ನಿಮ್ಮ ನಾಲಗೆಯನ್ನು ಹಲ್ಲಿನ ಹಿಂದೆ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ.

ಮನೆಯವರೊಳಗೆ ಕಲಿಸುವಾಗ ನಂಟಿನ ಮಾತೂ ಬರುತ್ತದೆ. ಮಗಳು ಅಪ್ಪನಿಗೆ ಕಲಿಸುವಾಗ ‘ಅಯ್ಯೋ ಅಪ್ಪಾ, ನಿನ್ನೆ ಹೇಳಿದೆನಲ್ಲ’ ಎನ್ನಬಾರದು. ನಿನ್ನೆ ಹೇಳಿದ್ದು ಇಂದು ಮರೆಯುವುದು ಕಲಿಕೆಯ ದಾರಿಯೇ. ಅತ್ತೆ ಸೊಸೆಗೆ ಕಲಿಸುವ ಮನೆಗಳಲ್ಲಿ ಮೂರನೆಯವರ ಎದುರಿಗೆ ಓದಿಸದಿರುವುದು ಒಳ್ಳೆಯದು. ಊರಿನಿಂದ ಬಂದ ನೆಂಟರ ಮುಂದೆ ‘ನಮ್ಮ ಸೊಸೆಗೆ ಈಗ ಕನ್ನಡ ಬರುತ್ತದೆ, ಓದು ನೋಡುವ ಮಗಾ’ ಎಂದು ಪತ್ರಿಕೆ ಕೊಟ್ಟದ್ದರಿಂದ ಎರಡು ತಿಂಗಳ ಕಲಿಕೆ ಅಂದಿಗೇ ನಿಂತುಹೋದದ್ದನ್ನು ನಾನು ಬಲ್ಲೆ. ಅತ್ತೆಯ ಮನಸ್ಸಿನಲ್ಲಿದ್ದದ್ದು ಹೆಮ್ಮೆಯೇ. ಆದರೆ ತೋರಿಸುವ ಹೊತ್ತನ್ನು ಕಲಿಯುವವರು ತಾವೇ ಗೊತ್ತುಮಾಡಬೇಕು.

ಕೊನೆಯ ಹೆಜ್ಜೆ: ಮೊದಲ ದಿನದ ಕಾಗದ

ಆರೇಳು ತಿಂಗಳ ನಂತರ, ಅಚ್ಚಿನ ಸಾಲುಗಳು ಸರಾಗವಾದ ಮೇಲೆ, ಮೊದಲ ದಿನ ಎತ್ತಿಟ್ಟ ಕಾಗದವನ್ನು ಹೊರತೆಗೆಯಿರಿ. ಅದು ಅಚ್ಚಾದ ಆಮಂತ್ರಣವಾಗಿದ್ದರೆ ಹೆಚ್ಚು ಕಷ್ಟವಿಲ್ಲ. ಹಳೆಯ ಕೈಬರಹವಾದರೆ ಬೇರೆ ತಯಾರಿ ಬೇಕು. ಮೂಲ ಕಾಗದ ಮಡಿಕೆಗಳಲ್ಲಿ ಹರಿಯುವಂತಿರುತ್ತದೆ, ಅದನ್ನು ಮತ್ತೆ ಮತ್ತೆ ಬಿಡಿಸದೆ ಚಿತ್ರ ತೆಗೆದು, ದೊಡ್ಡದಾಗಿ ಅಚ್ಚು ಹಾಕಿಸಿ. ಓದಲು ಕೂರುವ ಮೊದಲು ಬರೆದವರ ಕೈಯನ್ನು ಪರಿಚಯ ಮಾಡಿಕೊಳ್ಳಿ: ಖಚಿತವಾಗಿ ಗೊತ್ತಿರುವ ಪದಗಳನ್ನು, ಅಂದರೆ ಊರಿನ ಹೆಸರು, ಮನೆಯವರ ಹೆಸರು, ಮುಂಬಯಿ ಎಂಬ ಪದವನ್ನು ಹುಡುಕಿ, ಅವರು ‘ಮ’ವನ್ನು ಹೇಗೆ ಬರೆಯುತ್ತಿದ್ದರು, ‘ಯ’ವನ್ನು ಹೇಗೆ ಸುತ್ತುತ್ತಿದ್ದರು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆ ಕಾಲದ ಪತ್ರದ ಒಕ್ಕಣೆಯನ್ನೂ ಮೊದಲೇ ಹೇಳಿಕೊಡಿ. ಚಿ॥ ಎಂದರೆ ಚಿರಂಜೀವಿ, ಸೌ॥ ಎಂದರೆ ಸೌಭಾಗ್ಯವತಿ. ತಂದೆಗೆ ಬರೆದದ್ದಾದರೆ ‘ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು’. ಅದರ ಹಿಂದೆಯೇ ‘ಉಭಯಕುಶಲೋಪರಿ’. ಎಂಟು ಅಕ್ಷರಗಳ ಈ ಪದ ದಿನದ ಮಾತಿನಲ್ಲಿ ಅಪರೂಪವಾದ್ದರಿಂದ ಊಹೆಗೆ ಸುಲಭವಾಗಿ ಸಿಗುವುದಿಲ್ಲ, ಕಣ್ಣಿನಿಂದಲೇ ಓದಬೇಕು.

ಡೊಂಬಿವಲಿಯ ಆ ಯುವಕ ತನ್ನ ಅಜ್ಜನ ಪತ್ರದ ಮೊದಲ ಹಾಳೆಯನ್ನು ಬಿಡಿಸಿ ಕೂತದ್ದು ಒಂದು ಜುಲೈ ತಿಂಗಳ ಭಾನುವಾರ, ಹೊರಗೆ ಜೋರು ಮಳೆ. ‘ಉಭಯ’ದ ಹತ್ತಿರ ಬಂದು ನಿಂತ. ನಾನು ಐದು ಉಸಿರು ಎಣಿಸಿ, ಇನ್ನೂ ಐದು ಎಣಿಸಿದೆ. ಅವನ ಬೆರಳು ‘ಕು’ವಿನ ಕೊಂಬಿನಿಂದ ‘ಲೋ’ದ ದೀರ್ಘಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂತು. ಆಮೇಲೆ ಅವನು ಪದವನ್ನು ಪೂರ್ತಿಯಾಗಿ, ಕೊನೆಯ ಸ್ವರವನ್ನು ನುಂಗದೆ ಓದಿದ; ಮುಂದಿನ ಸಾಲಿಗೆ ಹೋದ.